ಒಂದು ಭಾಷೆ ಆಯಿತು, ಮುಂದೆ ಯಾವುದು?

ಸೋದರಿಯರೇ, ಭಾಷೆ ಎಂದೊಡನೆ ಹಿಂದಿ, ತಮಿಳು, ಇಂಗ್ಲಿಷು ಎಂದು ಬೆರಳು ಮಡಚಿ ಎಣಿಸಬೇಡಿ. ನಾನು ಹೇಳಹೊರಟಿರುವುದು ಕಂಪ್ಯೂಟರಿಗೆ ನಾವು ಕೆಲಸ ಹೇಳುವ ಭಾಷೆಗಳ ವಿಚಾರ. "ಅಯ್ಯೋ, ಅದೆಲ್ಲ ಇಂಜಿನಿಯರುಗಳ ತಲೆನೋವು, ನಮಗ್ಯಾಕ್ರೀ?" ಎಂದು ಪುಟ ಮಗುಚಿ ಅಡುಗೆ ವಿಭಾಗಕ್ಕೆ ಹಾರಿಬಿಡಬೇಡಿ, ಸ್ವಲ್ಪ ತಾಳಿ. ನಿಮ್ಮ ಮನೆಯಲ್ಲೂ ಮಗಳೋ, ಮಗನೋ, ತಮ್ಮನ ಹೆಂಡತಿಯೋ ಇಂಥದ್ದೊಂದು ಭಾಷೆ ಕಲಿತು, "ಇನ್ನು ಮುಂದೆ ಯಾವುದು ಕಲೀಲಿ?" ಎಂದು ಕೇಳುತ್ತಿರಬಹುದು. ನನ್ನ ಹಾಗೆ ನೀವೇ ಕೇಳಿಕೊಳ್ಳುತ್ತಿದ್ದರೂ ಆಶ್ಚರ್ಯವಿಲ್ಲ.

ನಾನು ಸಾಗರದ ಒಬ್ಬ ಗೃಹಿಣಿ. ಐವತ್ತಕ್ಕೆ ಎರಡು ವರ್ಷ ಕಡಿಮೆ. ಮದುವೆಗೆ ಮುಂಚೆ ಬಿ.ಕಾಂ. ಮುಗಿಸಿದ್ದೆ. ಆ ಪದವಿ ಪತ್ರ ಇಪ್ಪತ್ತೈದು ವರ್ಷ ರೇಷ್ಮೆ ಸೀರೆಗಳ ಅಡಿಯಲ್ಲಿ ನೆಮ್ಮದಿಯಾಗಿ ಮಲಗಿತ್ತು. 2021ರಲ್ಲಿ ಮಗಳ ಕಾಲೇಜು ಮನೆಯೊಳಗೇ ನಡೆಯುತ್ತಿತ್ತಲ್ಲ, ಆಗ ಅವಳ ಪಕ್ಕದಲ್ಲಿ ಕುಳಿತು ಬೀನ್ಸ್ ನಾರು ತೆಗೆಯುತ್ತಾ ತೆಗೆಯುತ್ತಾ ಪೈಥಾನ್ ಎಂಬ ಭಾಷೆ ಕಿವಿಗೆ ಬಿತ್ತು. ಕಿವಿಗೆ ಬಿದ್ದದ್ದು ಕೈಗೂ ಬಂತು. ನಮ್ಮತ್ತೆಗೆ ಮಾತ್ರ ದಿಗಿಲು. "ಹೆಬ್ಬಾವಿನ ಹೆಸರಿನ ವಿದ್ಯೆ ದೀಪ ಹಚ್ಚೋ ಹೊತ್ತಲ್ಲಿ ಬೇಡ ಮಾರಾಯ್ತಿ" ಎಂದರು. ಅದಕ್ಕೂ ಹಾವಿಗೂ ಸಂಬಂಧವಿಲ್ಲ ಅತ್ತೆ, 1991ರಲ್ಲಿ ಅದನ್ನು ಹೊರತಂದ ಗೀಡೊ ವಾನ್ ರೋಸಮ್ ಎಂಬ ನೆದರ್ಲೆಂಡ್ಸಿನ ಮಹಾಶಯರು ಬ್ರಿಟನ್ನಿನ ಒಂದು ಹಾಸ್ಯ ಕಾರ್ಯಕ್ರಮದ ಹೆಸರನ್ನು ಇಟ್ಟದ್ದು ಎಂದು ವಿವರಿಸಿದ ಮೇಲೆಯೇ ಅವರಿಗೆ ಸಮಾಧಾನ.

ಒಂದು ಭಾಷೆ ಕಲಿತವರಿಗೆ ಇನ್ನೊಂದರ ಮೇಲೆ ಆಸೆ ಹುಟ್ಟುವುದು ಸಹಜ. ದೋಸೆ ಹುಯ್ಯಲು ಬಂದವಳು ನೀರುದೋಸೆಗೂ ಕೈ ಹಾಕುತ್ತಾಳೆ. ಆದರೆ ಯಾವುದು ಮುಂದಿನದು? ಕೇಳಿದ ಕೂಡಲೇ ಸಲಹೆಗಳ ಸುರಿಮಳೆ! ಮೈದುನನ ಮಗ, "ದೊಡ್ಡಮ್ಮ, ಜಾವಾ ಕಲೀರಿ, ದೊಡ್ಡ ದೊಡ್ಡ ಕಂಪನಿಯಲ್ಲಿ ಅದೇ ಇರೋದು" ಎಂದ. ಬೆಂಗಳೂರಿನಿಂದ ಮಗಳು ಫೋನಿನಲ್ಲಿ, "ಅಮ್ಮ, ಅದ್ಯಾಕೆ, ಜಾವಾಸ್ಕ್ರಿಪ್ಟ್ ಕಲಿ" ಎಂದಳು. ಎರಡೂ ಒಂದೇ ಅಲ್ಲವೇನೇ ಎಂದರೆ ನಕ್ಕಳು. ಎರಡೂ ಲೋಕಕ್ಕೆ ಬಂದದ್ದು 1995ರಲ್ಲಿ ನಿಜ, ಆದರೆ ಅವುಗಳ ನಂಟು ಕಡಲೆಕಾಯಿಗೂ ಕಡಲೆಬೇಳೆಗೂ ಇರುವಷ್ಟೇ. ಜಾವಾ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕುಳಿತು ಕಟ್ಟಿದ್ದು. ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಬ್ರೆಂಡನ್ ಐಕ್ ಎಂಬವರು ನೆಟ್‌ಸ್ಕೇಪ್ ಕಂಪನಿಗಾಗಿ ಹತ್ತೇ ದಿನದಲ್ಲಿ ಮಾಡಿಕೊಟ್ಟದ್ದು. ಆಗ ಜಾವಾದ ಹೆಸರಿಗೆ ಮಾರುಕಟ್ಟೆಯಲ್ಲಿ ಗಿರಾಕಿ ಇತ್ತು, ಅದಕ್ಕೇ ಆ ಹೆಸರು ಇದಕ್ಕೂ ಅಂಟಿತು.

ಹತ್ತಿರದ ಪಟ್ಟಣದ ಒಂದು ತರಬೇತಿ ಕೇಂದ್ರದವರನ್ನೂ ವಿಚಾರಿಸಿದೆ. ಹೆಸರು ಬೇಡ ಬಿಡಿ. ಮೂರು ತಿಂಗಳಲ್ಲಿ ಆರು ಭಾಷೆ ಕಲಿಸುತ್ತಾರಂತೆ, ಮೂವತ್ತೆಂಟು ಸಾವಿರ ರೂಪಾಯಿ! ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸಲೆಂದು ಎತ್ತಿಟ್ಟ ಹಣವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನಮ್ಮವರು ಪೇಪರಿನಿಂದ ತಲೆ ಎತ್ತದೆಯೇ, "ಆರು ಭಾಷೆ ಬಂದ್ರೂ ಮಳೆ ನೀರು ತಲೆ ಮೇಲೆ ಬೀಳೋದು ತಪ್ಪಲ್ಲ" ಎಂದರು. ನೀವೇ ಹೇಳಿ, ಅವರ ಮಾತು ತೆಗೆದುಹಾಕುವಂತಿದೆಯೇ? ಮಲೆನಾಡಿನ ಮಳೆ ಕಂಡವರಿಗೆ ಅದರ ಬೆಲೆ ಗೊತ್ತು.

ಇದರ ನಡುವೆಯೇ ನಮ್ಮ ಮಹಿಳಾ ಸಂಘದಲ್ಲಿ ಒಂದು ಇಕ್ಕಟ್ಟು ಬಂತು. ನಮ್ಮದು ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಚಕ್ಕುಲಿ, ಸಾರಿನ ಪುಡಿ ಮಾಡಿ ಮಾರುವ ಸಂಘ. ಮೂವತ್ತಾರು ಮಂದಿ ಸದಸ್ಯೆಯರು. ಹಪ್ಪಳ ಒತ್ತಿ ಒಣಗಿಸಿ ಕಟ್ಟಿ ತಂದರೆ ಕಟ್ಟಿಗೆ ಇಪ್ಪತ್ತು ರೂಪಾಯಿ ಕೂಲಿ. ತಂದದ್ದನ್ನು ಬರೆಯುವುದಕ್ಕೆ ಒಂದು ಪುಸ್ತಕ, ಕೊಟ್ಟ ಹಣ ಬರೆಯುವುದಕ್ಕೆ ಇನ್ನೊಂದು. ಸರದಿಯ ಮೇಲೆ ಬರೆಯುವವರು ಬೇರೆ ಬೇರೆ. ಈ ಸಂಘದಲ್ಲಿ ಒಂದೇ ಹೆಸರಿನವರು ಇಬ್ಬರಿದ್ದಾರೆ. ಹೆಸರು ಬರೆದರೆ ನಾಳೆ ಇಬ್ಬರೂ ನಮ್ಮ ಬಾಗಿಲಿಗೇ ಬಂದಾರು, ಆದ್ದರಿಂದ ಕೆಳಮನೆಯವರು, ಪೇಟೆಯವರು ಎಂದು ಕರೆಯುತ್ತೇನೆ.

ಕೆಳಮನೆಯವರು ಗಂಡನನ್ನು ಕಳೆದುಕೊಂಡವರು. ಹಪ್ಪಳದ ದುಡ್ಡಿನಲ್ಲೇ ಮಗನ ಬಸ್ ಪಾಸು, ಫೀಸು ಎಲ್ಲ. "ನನಗೆ ದುಡ್ಡು ಕಮ್ಮಿ ಬಂದಿದೆ" ಎಂದು ಅವರು ಒಂದು ದಿನ ಮೆಲ್ಲಗೆ ಹೇಳಿದರು. ಪುಸ್ತಕ ತೆಗೆದು ನೋಡಿದರೆ ಆ ಹೆಸರಿಗೆ ಹಣ ಹೋಗಿದೆ! ಯಾರೋ ಒಬ್ಬರು, "ತಗೊಂಡು ಮರೆತಿರಬೇಕು" ಎಂದುಬಿಟ್ಟರು. ಆ ಮಾತು ಅವರಿಗೆ ನಾಟಿತು. ಮರುವಾರದಿಂದ ಬರುವುದನ್ನೇ ನಿಲ್ಲಿಸಿದರು. ಅವರ ಜೊತೆಗೆ ಇನ್ನೂ ಇಬ್ಬರು ಮುಖ ತಿರುಗಿಸಿದರು. ಹನ್ನೊಂದು ವರ್ಷದ ಸಂಘ ಒಂದು ಲೆಕ್ಕದ ಸಾಲಿನಿಂದ ಒಡೆಯುವ ಹಾಗಾಯಿತು. ಆಗ ಅಧ್ಯಕ್ಷೆಯವರು ಎರಡೂ ಪುಸ್ತಕ ತಂದು ನನ್ನ ಮುಂದಿಟ್ಟು, "ನೀವು ಬಿ.ಕಾಂ. ಓದಿದೋರು, ಕಂಪ್ಯೂಟರ್ ಬೇರೆ ಗೊತ್ತು. ನೀವೇ ಬಗೆಹರಿಸ್ರಿ" ಎಂದರು.

ಆ ದಿನ ನನ್ನ ಪ್ರಶ್ನೆಯೇ ತಿರುಗಿಕೊಂಡಿತು. ಯಾವ ಭಾಷೆಗೆ ಬೆಲೆ ಹೆಚ್ಚು ಎಂದು ಕೇಳುತ್ತಿದ್ದವಳು, ಈ ಕೆಲಸಕ್ಕೆ ಯಾವ ಭಾಷೆ ಬೇಕು ಎಂದು ಕೇಳಿಕೊಂಡೆ.

ಪೈಥಾನಿನಲ್ಲೇ ಮಾಡಬಹುದಿತ್ತಲ್ಲ ಎನ್ನುತ್ತೀರಾ? ಪೈಥಾನಿಗೆ ಲೆಕ್ಕ ಮಾಡುವ ಬುದ್ಧಿ ಬೇಕಾದಷ್ಟಿದೆ. ಆದರೆ ಪ್ರೋಗ್ರಾಂ ನಿಲ್ಲಿಸಿದರೆ ಹೇಳಿದ್ದನ್ನೆಲ್ಲ ಮರೆತುಬಿಡುತ್ತದೆ. ಒಲೆ ಮುಂದೆ ನಿಂತ ಒಳ್ಳೆಯ ಅಡುಗೆಯವಳು ಅದು, ಆದರೆ ಸಾಮಾನು ಇಡಲು ಉಗ್ರಾಣ ಬೇಕು. ಆ ಉಗ್ರಾಣಕ್ಕೆ ಡೇಟಾಬೇಸ್ ಎನ್ನುತ್ತಾರೆ. ಉಗ್ರಾಣದವನ ಜೊತೆ ಮಾತನಾಡುವ ಭಾಷೆಯೇ ಎಸ್‌ಕ್ಯೂಎಲ್. ಕೆಲವರು ಅದನ್ನು ಸೀಕ್ವೆಲ್ ಎಂದೂ ಕರೆಯುತ್ತಾರೆ, ಮೊದಲು ಅದಕ್ಕೆ ಇದ್ದ ಹೆಸರೇ ಅದು. ಲೆಕ್ಕಗಳನ್ನು ಸಾಲು, ಕಾಲಂಗಳ ಪಟ್ಟಿಗಳಾಗಿ ಇಟ್ಟುಕೊಳ್ಳಬೇಕೆಂಬ ವಿಚಾರವನ್ನು 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬವರು ಮಂಡಿಸಿದರು. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಆ ಪಟ್ಟಿಗಳನ್ನು ಪ್ರಶ್ನೆ ಕೇಳುವ ಈ ಭಾಷೆಯನ್ನು 1974ರಲ್ಲಿ ಮುಂದಿಟ್ಟರು. ಐವತ್ತು ವರ್ಷ ದಾಟಿದ ಮುತ್ತೈದೆ ಭಾಷೆ ಎಂದರೂ ಸರಿ!

ಇದರ ರೀತಿಯೇ ಬೇರೆ. ಪೈಥಾನ್, ಜಾವಾ, ಸಿ ಇವಕ್ಕೆಲ್ಲ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಬೇಕು. ಪಾತ್ರೆ ಇಡು, ಎಣ್ಣೆ ಹಾಕು, ಸಾಸಿವೆ ಸಿಡಿದರೆ ಕರಿಬೇವು ಹಾಕು, ಹೀಗೆ. ಎಸ್‌ಕ್ಯೂಎಲ್ ಹಾಗಲ್ಲ. ದಿನಸಿ ಅಂಗಡಿಯವರಿಗೆ ಚೀಟಿ ಕೊಡುತ್ತೇವಲ್ಲ, ತೊಗರಿಬೇಳೆ ಎರಡು ಕಿಲೋ, ಬೆಲ್ಲ ಒಂದು ಕಿಲೋ ಎಂದು, ಯಾವ ಡಬ್ಬದಿಂದ ಹೇಗೆ ತೆಗೆಯುತ್ತಾರೋ ಅದು ಅವರ ಪಾಡು. ಹಾಗೆಯೇ ಇಲ್ಲಿ ಏನು ಬೇಕೆಂದಷ್ಟೇ ಹೇಳಬೇಕು. ಆವರಣ ಚಿಹ್ನೆಗಳನ್ನು ಬಿಟ್ಟು ಓದಿದರೆ ನನ್ನ ಮೊದಲ ಚೀಟಿ ಹೀಗಿತ್ತು: "ಸೆಲೆಕ್ಟ್ ಸಮ್ ಕಟ್ಟು ಫ್ರಮ್ ಹಪ್ಪಳ ವೇರ್ ಸಂಖ್ಯೆ = 11". ಎಂದರೆ, ಹಪ್ಪಳದ ಪಟ್ಟಿಯಿಂದ ಹನ್ನೊಂದನೇ ನಂಬರಿನವರು ತಂದ ಕಟ್ಟುಗಳ ಮೊತ್ತ ಕೊಡು. ಇಷ್ಟೇ!

ಕಲಿಯಲು ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತೀರಿ, ಗೊತ್ತು. ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಅತ್ತೆಯವರು ಅಡ್ಡಾದ ಮೇಲೆ ಎರಡರಿಂದ ಮೂರೂವರೆ, ಆರು ವಾರ. ಎರಡನೆಯ ಭಾಷೆ ಮೊದಲನೆಯದರಷ್ಟು ಕಾಡಲಿಲ್ಲ. ಏಕೆಂದರೆ ಬುಡದಲ್ಲಿರುವ ವಿಚಾರಗಳು ನಾಲ್ಕೇ. ವಸ್ತುವನ್ನು ಹೆಸರು ಬರೆದ ಡಬ್ಬದಲ್ಲಿಡುವುದು, ಹೀಗಿದ್ದರೆ ಹೀಗೆ ಮಾಡು ಎನ್ನುವುದು, ಹಿಟ್ಟು ಮುಗಿಯುವ ತನಕ ದೋಸೆ ಹುಯ್ಯುತ್ತಿರು ಎನ್ನುವುದು, ಒಮ್ಮೆ ಪುಡಿ ಮಾಡಿಟ್ಟುಕೊಂಡು ಬೇಕೆಂದಾಗ ಬಳಸುವುದು. ಪೈಥಾನಾಗಲಿ, ಜಾವಾ ಆಗಲಿ, ಜಾವಾಸ್ಕ್ರಿಪ್ಟಾಗಲಿ, ಈ ನಾಲ್ಕರ ಮೇಲೆಯೇ ನಿಂತಿವೆ. ಎಸ್‌ಕ್ಯೂಎಲ್ ಜಾಡು ಬೇರೆಯಾದರೂ ಡಬ್ಬ ಮತ್ತು ಷರತ್ತು ಅಲ್ಲಿಯೂ ಇವೆ. ಮೊದಲ ಭಾಷೆಯಲ್ಲಿ ಇದನ್ನು ಗಟ್ಟಿ ಮಾಡಿಕೊಂಡವರು ಎರಡನೆಯದರಲ್ಲಿ ಹೊಸ ಪದಗಳನ್ನಷ್ಟೇ ಕಲಿತರಾಯಿತು. ಮೊದಲನೆಯದೇ ಕೈಗೆ ಕೂರದೆ ಎರಡನೆಯದಕ್ಕೆ ಹಾರಿದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ.

ಖರ್ಚು? ಸೊನ್ನೆ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಉಗ್ರಾಣವೊಂದಿದೆ. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಬರೆದು ಲೋಕಕ್ಕೆ ಉಚಿತವಾಗಿ ಬಿಟ್ಟಿದ್ದಾರೆ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಅದು ಕುಳಿತಿದೆ, ಗೊತ್ತೇ? 2006ರಿಂದ ಈಚೆಗೆ ಅದರ ಜೊತೆ ಮಾತಾಡುವ ಅನುಕೂಲ ಪೈಥಾನಿನ ಜೊತೆಗೇ ಬರುತ್ತದೆ. ಹೀಗಾಗಿ ನಾನು ಕಲಿತದ್ದು ಹಳೆಯದಾಗಲಿಲ್ಲ, ಹೊಸದು ಅದರ ಪಕ್ಕದಲ್ಲೇ ಬಂದು ಕೂತಿತು. ಇಂಟರ್ನೆಟ್ಟೂ ಬೇಡ. ಆಷಾಢದ ಗಾಳಿಮಳೆಗೆ ಕರೆಂಟು ಹೋದರೂ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಡೆಯಿತು.

ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಈ ಭಾಷೆ ಕಲಿಯುವಾಗ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಒಂದಿದೆ: ಹೆಸರನ್ನು ನಂಬಬೇಡ, ಪ್ರತಿಯೊಬ್ಬರಿಗೂ ಬೇರೆ ಯಾರಿಗೂ ಇರದ ಒಂದು ಸಂಖ್ಯೆ ಕೊಡು. ಅದಕ್ಕೆ ಪ್ರೈಮರಿ ಕೀ ಎನ್ನುತ್ತಾರೆ. ಬ್ಯಾಂಕಿನ ಖಾತೆ ನಂಬರು ಇರುವುದೂ ಇದೇ ಕಾರಣಕ್ಕೆ. ಪೇಟೆಯವರಿಗೆ 7, ಕೆಳಮನೆಯವರಿಗೆ 11 ಎಂದು ಕೊಟ್ಟೆ. ಹಪ್ಪಳದ ಪುಸ್ತಕದಲ್ಲಿ ಹೆಸರಿನ ಮುಂದೆ ಮನೆ ಹೆಸರೂ ಇತ್ತು, ಹಣದ ಪುಸ್ತಕದಲ್ಲಿ ಬರೀ ಹೆಸರು ಮತ್ತು ಸಹಿ. ಸಹಿ ನೋಡಿ ನೋಡಿ ನಂಬರು ಹಾಕುತ್ತಾ ಎರಡನ್ನೂ ಎರಡು ಪಟ್ಟಿಗಳಿಗೆ ತುಂಬಿಸಿ, ಜಾಯಿನ್ ಎಂಬ ಪದದಿಂದ ನಂಬರಿಗೆ ನಂಬರು ಹೊಂದಿಸಿದೆ. 7ನೇ ನಂಬರು ತಂದದ್ದು 257 ಕಟ್ಟು, ಬರಬೇಕಾದದ್ದು 5,140 ರೂಪಾಯಿ, ಹೋದದ್ದು 7,500. 11ನೇ ನಂಬರು ತಂದದ್ದು 310 ಕಟ್ಟು, ಬರಬೇಕಾದದ್ದು 6,200, ಹೋದದ್ದು 3,840. ಒಂದು ಕಡೆ 2,360 ಹೆಚ್ಚು, ಇನ್ನೊಂದು ಕಡೆ ಅಷ್ಟೇ ಕಮ್ಮಿ. ಹೆಸರು ಕರೆದಾಗ ಎದ್ದು ಬಂದವರ ಕೈಗೆ ಹಣ ಕೊಟ್ಟಾಗಿತ್ತು, ಅವರು ತಮ್ಮದೇ ಎಂದು ಸಹಿ ಹಾಕಿದ್ದರು. ಇಬ್ಬರಲ್ಲೂ ಕಪಟವಿರಲಿಲ್ಲ.

ಕಾಗದ ಹಿಡಿದು ನಾನೂ ಅಧ್ಯಕ್ಷೆಯವರೂ ಮೊದಲು ಪೇಟೆಯವರ ಮನೆಗೆ ಹೋದೆವು. ಅವರು ಸಾಲುಗಳ ಮೇಲೆ ಬೆರಳಿಟ್ಟು ಓದಿ, "ಹಂಗಾದ್ರೆ ಅದು ಅವಳ ದುಡ್ಡು. ನನ್ನ ಪಾಲಿನಲ್ಲಿ ಮೂರು ಕಂತಿಗೆ ಮುರ್ಕೊಳ್ಳಿ" ಎಂದರು. ಕೆಳಮನೆಯವರು ಮಾತ್ರ ಲೆಕ್ಕ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಕಡೆಗೆ, "ದುಡ್ಡು ಹೋಗಲಿ ಅಂತಿದ್ದೆ. ಸುಳ್ಳು ಹೇಳಿದೆ ಅಂದ್ರಲ್ಲ, ಅದು ತಡೀಲಿಲ್ಲ" ಎಂದರು. ಅವರು ಈಗ ಮತ್ತೆ ಬರುತ್ತಿದ್ದಾರೆ. ಅಂದು ಹಾಗೆಂದಿದ್ದವರ ಪಕ್ಕದಲ್ಲಿ ಇನ್ನೂ ಕೂರುವುದಿಲ್ಲ. ಅದನ್ನು ಯಾವ ಭಾಷೆಯೂ ಸರಿ ಮಾಡಲಾರದು, ಕಾಲವೇ ಮಾಡಬೇಕು.

"ಇಷ್ಟಕ್ಕೆ ಎಕ್ಸೆಲ್ ಸಾಕಿತ್ತು" ಎಂದು ತಿಳಿದವರು ಹೇಳಿಯಾರು. ಹತ್ತು ಮಂದಿಯ ಸಂಘಕ್ಕೆ ಖಂಡಿತ ಸಾಕು. ಆದರೆ ಮೂವತ್ತಾರು ಜನ, ನಾಲ್ಕು ಪದಾರ್ಥ, ಬರೆಯುವ ಕೈ ಹಲವು ಎಂದಾಗ ತಪ್ಪು ಸಾಲನ್ನು ಬಾಗಿಲಲ್ಲೇ ತಡೆಯುವ ಕಟ್ಟುನಿಟ್ಟು ಬೇಕು. ಪಟ್ಟಿಯಲ್ಲಿಲ್ಲದ ನಂಬರಿಗೆ ಹಣ ಬರೆಯಬಾರದು ಎಂದು ಮೊದಲೇ ಕಟ್ಟಳೆ ಹಾಕಿಟ್ಟರೆ ಡೇಟಾಬೇಸ್ ಅಂಥ ಸಾಲನ್ನು ಒಳಗೇ ಬಿಡುವುದಿಲ್ಲ.

ಇನ್ನೊಂದು ಮಾತೂ ಕೇಳಿಬರುತ್ತದೆ. "ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಂ ಬರೆದುಕೊಡುತ್ತಲ್ಲ, ನೀವ್ಯಾಕೆ ಕಣ್ಣು ಹಾಳು ಮಾಡ್ಕೊಳ್ತೀರಿ?" ನಾನೂ ಅದರಿಂದ ಬರೆಸಿ ನೋಡಿದೆ. ಎಲ್ಲ ಸದಸ್ಯೆಯರಿಗೂ ಕೊಟ್ಟ ಹಣದ ಪಟ್ಟಿ ಮಾಡು ಎಂದೆ, ಕ್ಷಣದಲ್ಲಿ ಚೀಟಿ ಬರೆದುಕೊಟ್ಟಿತು. ಆದರೆ ಅದನ್ನು ಓಡಿಸಿದಾಗ ಬಂದ ಹೆಸರು ಮೂವತ್ತಮೂರೇ! ಹೊಸದಾಗಿ ಸೇರಿ ಇನ್ನೂ ಒಂದು ಕಾಸೂ ಪಡೆಯದ ಮೂವರು ಮಾಯವಾಗಿದ್ದರು. ಬರೀ ಜಾಯಿನ್ ಎಂದರೆ ಎರಡೂ ಪಟ್ಟಿಯಲ್ಲಿ ಇರುವವರು ಮಾತ್ರ ಬರುತ್ತಾರೆ, ಲೆಫ್ಟ್ ಜಾಯಿನ್ ಎಂದರೆ ಮೊದಲ ಪಟ್ಟಿಯ ಎಲ್ಲರೂ ಬರುತ್ತಾರೆ. ಒಂದು ಪದದ ವ್ಯತ್ಯಾಸ! ಭಾಷೆ ತಿಳಿದಿದ್ದರಿಂದ ಕಣ್ಣಿಗೆ ಬಿತ್ತು. ಇಲ್ಲದಿದ್ದರೆ ಇನ್ನೂ ಮೂವರು ಮನೆಯಲ್ಲಿ ಕೂತು ಕಣ್ಣೀರು ಹಾಕಬೇಕಿತ್ತು. ಅಡುಗೆಯವರನ್ನು ಇಟ್ಟುಕೊಂಡರೂ ಉಪ್ಪು ಹುಳಿ ನೋಡುವ ನಾಲಿಗೆ ನಮ್ಮದೇ ಆಗಿರಬೇಕು ಅಲ್ಲವೇ?

ಹಾಗೆಂದು ಎಲ್ಲರೂ ಎಸ್‌ಕ್ಯೂಎಲ್ ಹಿಂದೆ ಬೀಳಬೇಕೆಂದು ನಾನು ಹೇಳುವುದಿಲ್ಲ. ನನಗೆ ಎದುರಿಗೆ ಇದ್ದದ್ದು ಲೆಕ್ಕದ ಪುಸ್ತಕ. ನಿಮ್ಮ ಮಗಳಿಗೆ ವೆಬ್‌ಸೈಟ್ ಕಟ್ಟುವ ಹುಚ್ಚಿದ್ದರೆ ಜಾವಾಸ್ಕ್ರಿಪ್ಟೇ ಸರಿ, ಬ್ರೌಸರಿಗೆ ನೇರವಾಗಿ ಅರ್ಥವಾಗುವ ಭಾಷೆ ಅದು. ಆಂಡ್ರಾಯ್ಡ್ ಫೋನಿಗೆ ಆ್ಯಪ್ ಮಾಡುವ ಆಸೆಯಿದ್ದರೆ ಕೋಟ್ಲಿನ್. ಗೂಗಲ್ ಕಂಪನಿ 2019ರಲ್ಲಿ ಅದಕ್ಕೇ ಮೊದಲ ಮಣೆ ಎಂದು ಸಾರಿತು. ಯಂತ್ರದ ಒಳಹೊಕ್ಕು ನೋಡುವ ಕುತೂಹಲದ ಹುಡುಗನಿಗೆ ಸಿ. ಅಂಕಿಅಂಶಗಳ ಅಧ್ಯಯನಕ್ಕೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹುಟ್ಟಿದ ಆರ್ ಎಂಬ ಭಾಷೆ.

ಹಳೆಯದೆಂದು ಮೂಗು ಮುರಿಯುವುದೂ ಬೇಡ. 1959ರಲ್ಲಿ ರೂಪ ತಳೆದ ಕೋಬಾಲ್ ಭಾಷೆಗೆ ಗ್ರೇಸ್ ಹಾಪರ್ ಎಂಬ ಮಹಿಳೆಯ ಕೆಲಸವೇ ತಳಪಾಯ. ಅದನ್ನು ರೂಪಿಸಿದವರಲ್ಲಿ ಜೀನ್ ಸ್ಯಾಮೆಟ್ ಎಂಬ ಇನ್ನೊಬ್ಬ ಮಹಿಳೆಯೂ ಇದ್ದರು. ಗಣಿತದ ಸಂಕೇತ ತಿಳಿಯದ ವ್ಯಾಪಾರಸ್ಥರೂ ಓದುವಂತೆ ಸಾದಾ ಪದಗಳಿರಲಿ ಎಂಬುದು ಹಾಪರ್ ಅವರ ಹಟ. 2020ರ ಏಪ್ರಿಲಿನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರರು, ಕೋಬಾಲ್ ಬಲ್ಲವರು ಸಹಾಯಕ್ಕೆ ಬನ್ನಿ ಎಂದು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಕೆಲಸ ಕಳೆದುಕೊಂಡವರಿಗೆ ಭತ್ಯೆ ಕೊಡುವ ಅಲ್ಲಿನ ಕಂಪ್ಯೂಟರುಗಳು ಇನ್ನೂ ಆ ಭಾಷೆಯಲ್ಲೇ ನಡೆಯುತ್ತಿದ್ದವು. ಅರವತ್ತು ವರ್ಷದ ಹಿಂದಿನ ಒರಳುಕಲ್ಲು ಅಟ್ಟ ಸೇರಿದರೂ ಒಂದು ದಿನ ಬೇಕಾದೀತು ನೋಡಿ.

ಆದ್ದರಿಂದ ನಿಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದರೆ ಮೂರು ವಿಷಯ ವಿಚಾರ ಮಾಡಿ. ಮೊದಲನೆಯದು, ಕಲಿತ ಮಾರನೆಯ ದಿನವೇ ಅದರಿಂದ ಮಾಡಬೇಕಾದ ಕೆಲಸ ಯಾವುದು? ಅಂಗಡಿಯ ಲೆಕ್ಕವೋ, ಶಾಲೆಯ ಅಂಕಪಟ್ಟಿಯೋ, ಕೆಲಸಕ್ಕೆ ಹಾಕುವ ಅರ್ಜಿಯೋ, ಯಾವುದಾದರೂ ಸರಿ, ಒಂದು ಇರಲಿ. ಎರಡನೆಯದು, ಇರುವ ಯಂತ್ರ ಮತ್ತು ಇರುವ ಸಮಯಕ್ಕೆ ಅದು ಹೊಂದುತ್ತದೆಯೇ? ಮೂರನೆಯದು, ಎಡವಿದಾಗ ಕೇಳಲು ಒಬ್ಬರಾದರೂ ಹತ್ತಿರದಲ್ಲಿದ್ದಾರೆಯೇ? ನನಗೆ ರಾತ್ರಿ ಒಂಬತ್ತರ ಮೇಲೆ ಮಗಳ ಫೋನಿತ್ತು. ಈ ಮೂರಕ್ಕೂ ಉತ್ತರ ಸಿಕ್ಕ ಭಾಷೆಯನ್ನು ಮೂರು ವಾರ ಪುಕ್ಕಟೆಯಾಗಿ ಕಲಿತು ನೋಡಿ. ರುಚಿಸಿದರೆ ಮಾತ್ರ ಫೀಸಿನ ಮಾತು.

ಅಂದ ಹಾಗೆ, ಹೆಂಚು ಹೊದಿಸಿದ್ದಾಯಿತು. ಈ ಸಲದ ಮಳೆಗೆ ಒಂದು ಹನಿಯೂ ಒಳಗೆ ಬರಲಿಲ್ಲ. ಈಗ ಸಂಘದವರು, ನಮ್ಮ ಹಪ್ಪಳ ಬೆಂಗಳೂರಿನವರಿಗೂ ಕಾಣುವ ಹಾಗೆ ಒಂದು ವೆಬ್‌ಸೈಟ್ ಬೇಕು ಎನ್ನುತ್ತಿದ್ದಾರೆ. ಮಗಳು ಅಲ್ಲಿಂದಲೇ, "ನಾನು ಆಗಲೇ ಹೇಳಿದ್ನಲ್ಲ ಅಮ್ಮ, ಜಾವಾಸ್ಕ್ರಿಪ್ಟ್ ಅಂತ" ಎಂದು ನಗುತ್ತಿದ್ದಾಳೆ. ಆಗ ಅದರ ಕೆಲಸ ಇರಲಿಲ್ಲ, ಈಗ ಬಂದಿದೆ. ದೀಪಾವಳಿಯ ಗಲಾಟೆ ಮುಗಿಯಲಿ, ಶುರು ಮಾಡುತ್ತೇನೆ. ನೀವು ಯಾವುದು ಆರಿಸಿಕೊಂಡಿರಿ, ಪತ್ರಿಕೆಗೆ ಒಂದು ಸಾಲು ಬರೆಯುತ್ತೀರಲ್ಲ?